ಜೂನ್‌ನ ಶುಲ್ಕ, ಅಕ್ಟೋಬರ್‌ನ ಬೋನಸ್: ಮನೆಯ ಲೆಕ್ಕ ತಪ್ಪುವುದು ಎಲ್ಲಿ?

ಮನೆಖರ್ಚಿನ ಬಗ್ಗೆ ಸಲಹೆ ಕೊಡುವವರು ಸಾಮಾನ್ಯವಾಗಿ ತಿಂಗಳನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ತಿಂಗಳ ಮೊದಲ ವಾರ ಸಂಬಳ ಬರುತ್ತದೆ. ಬಾಡಿಗೆ, ದಿನಸಿ, ಹಾಲು, ಓಡಾಟ ಎಲ್ಲವನ್ನೂ ಅದರಲ್ಲಿ ಕಳೆದು ಉಳಿದದ್ದನ್ನು ಉಳಿತಾಯ ಎನ್ನುತ್ತಾರೆ. ಏನೂ ಉಳಿಯದಿದ್ದರೆ ಹೋಟೆಲ್ ತಿಂಡಿ ಬಿಡಿ, ಮೊಬೈಲ್ ರೀಚಾರ್ಜ್ ಕಡಿಮೆ ಮಾಡಿ ಎಂದು ಹೇಳಿ ಮುಗಿಸುತ್ತಾರೆ. ಕರ್ನಾಟಕದ ದುಡಿಯುವ ಕುಟುಂಬಗಳ ಲೆಕ್ಕವನ್ನು ಕೂತು ಬರೆದು ನೋಡಿದರೆ ತೊಡಕು ಬೇರೆಡೆ ಇರುವುದು ಕಾಣುತ್ತದೆ. ಬಹುಪಾಲು ಮನೆಗಳಲ್ಲಿ ತಿಂಗಳ ಲೆಕ್ಕ ಹೇಗೋ ಸರಿದೂಗಿರುತ್ತದೆ, ವರ್ಷದ ಲೆಕ್ಕ ತಪ್ಪಿರುತ್ತದೆ. ಶಾಲೆಯ ಶುಲ್ಕ, ಹಬ್ಬ, ವಾಹನದ ವಿಮೆ, ನೆಂಟರ ಮದುವೆಯ ಮುಯ್ಯಿ, ಊರ ಜಾತ್ರೆ ಇವೆಲ್ಲ ಬರುತ್ತವೆಂದು ಮೊದಲೇ ಗೊತ್ತಿದ್ದರೂ ತಿಂಗಳ ಪಟ್ಟಿಯಲ್ಲಿ ಅವುಗಳಿಗೆ ಜಾಗ ಇರುವುದಿಲ್ಲ. ಅವು ಬಂದಾಗ ಆ ಜಾಗವನ್ನು ತುಂಬುವುದು ಸಾಲ. ಆ ಸಾಲಕ್ಕೆ ಮನೆ ತೆರುವ ಬೆಲೆ ಎಷ್ಟು ಎಂಬುದೇ ಮುಂದಿನ ವರ್ಷದ ಬದುಕನ್ನು ನಿರ್ಧರಿಸುತ್ತದೆ ಎಂಬುದು ಈ ಲೇಖನದ ವಾದ.

ಉದಾಹರಣೆಗೆ ಬೆಂಗಳೂರಿನ ಪೀಣ್ಯದ ಸುತ್ತಮುತ್ತ ಬಾಡಿಗೆ ಮನೆಯಲ್ಲಿರುವ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಕೈಗೆ ಬರುವ ಸಂಬಳ 13,000 ರೂಪಾಯಿ. ಗಂಡ ಬಾಡಿಗೆ ಗಾಡಿಯ ಚಾಲಕ, ತಿಂಗಳಿಗೆ ಸರಾಸರಿ 19,000. ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಒಟ್ಟು ದುಡಿಮೆ 32,000. ಬಾಡಿಗೆಗೆ 9,000, ದಿನಸಿಗೆ 6,000, ಹಾಲಿಗೆ 1,400, ತರಕಾರಿ, ಮೊಟ್ಟೆ, ಮಾಂಸಕ್ಕೆ 3,500, ಅಡುಗೆ ಅನಿಲಕ್ಕೆ 900, ಓಡಾಟಕ್ಕೆ 3,000, ಮೊಬೈಲ್‌ಗಳಿಗೆ 900, ಶಾಲಾ ವ್ಯಾನ್ ಮತ್ತು ಟ್ಯೂಷನ್‌ಗೆ 2,500, ಔಷಧಿಗೆ 800, ಊರಿನಲ್ಲಿರುವ ಅತ್ತೆ ಮಾವನಿಗೆ 2,000. ಕೂಡಿದರೆ 30,000. ಗೃಹಜ್ಯೋತಿಯಿಂದಾಗಿ ಕರೆಂಟ್ ಬಿಲ್ ಇಲ್ಲ. ಶಕ್ತಿ ಯೋಜನೆಯಿಂದ ಆಕೆಯ ಬಸ್ ಪ್ರಯಾಣ ಉಚಿತ. ಗೃಹಲಕ್ಷ್ಮಿಯ 2,000 ರೂಪಾಯಿ ಸೇರಿದರೆ ತಿಂಗಳಿಗೆ 4,000 ಉಳಿಯುತ್ತದೆ. ಕಾಗದದ ಮೇಲೆ ಇದು ಅಚ್ಚುಕಟ್ಟಾದ ಸಂಸಾರ. ಯಾರೂ ದುಂದುವೆಚ್ಚ ಮಾಡುತ್ತಿಲ್ಲ.

ಈಗ ವರ್ಷದ ಪಟ್ಟಿಯನ್ನು ಬರೆಯೋಣ. ಇಬ್ಬರು ಮಕ್ಕಳ ಶುಲ್ಕ 36,000. ಪುಸ್ತಕ, ಸಮವಸ್ತ್ರ, ಶೂ 6,000. ಯುಗಾದಿ, ಗೌರಿ ಗಣೇಶ, ದಸರಾ ದೀಪಾವಳಿಗಳ ಬಟ್ಟೆ ಮತ್ತು ಊರಿನ ಪ್ರಯಾಣಕ್ಕೆ 15,000. ಸ್ಕೂಟರಿನ ವಿಮೆ, ಸರ್ವಿಸ್, ಟೈರ್‌ಗೆ 6,000. ಜಾತ್ರೆ ಮತ್ತು ಮದುವೆಯ ಮುಯ್ಯಿಗೆ 8,000. ಕೆಟ್ಟ ಮಿಕ್ಸಿ, ಒಡೆದ ಫೋನು, ಆಕಸ್ಮಿಕ ಕಾಯಿಲೆಗಳಿಗೆ 7,000. ಒಟ್ಟು 78,000. ತಿಂಗಳಿಗೆ 4,000ದಂತೆ ವರ್ಷವಿಡೀ ಉಳಿಸಿದರೂ 48,000 ಆಗುತ್ತದೆ. ಗಾರ್ಮೆಂಟ್ಸ್ ಕೆಲಸಕ್ಕೆ ಕಾನೂನಿನ ಪ್ರಕಾರ ಸಿಗಬೇಕಾದ ಕನಿಷ್ಠ ಶೇ 8.33ರ ಬೋನಸ್, ಅಂದರೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ, 12,000 ಎಂದು ಹಿಡಿದರೆ 60,000. ಉಳಿದ 18,000 ಎಲ್ಲಿಂದಲೂ ಬರುವುದಿಲ್ಲ.

ಇದು ಮೊತ್ತದ ಕೊರತೆ. ಇದರ ಹಿಂದೆ ಇನ್ನೊಂದು ಕೊರತೆ ಅಡಗಿದೆ, ಅದು ಕಾಲದ್ದು. ಶಾಲೆಗಳು ಮೇ ಕೊನೆಗೆ ಅಥವಾ ಜೂನ್ ಆರಂಭಕ್ಕೆ ಬಾಗಿಲು ತೆರೆಯುತ್ತವೆ, ಶುಲ್ಕ ಮತ್ತು ಪುಸ್ತಕದ 42,000 ಆ ಕೆಲವು ವಾರಗಳಲ್ಲೇ ಬೇಕು. ಬೋನಸ್ ಕೈಗೆ ಬರುವುದು ಸಾಮಾನ್ಯವಾಗಿ ಆಯುಧಪೂಜೆ, ದೀಪಾವಳಿಯ ಹೊತ್ತಿಗೆ. ಜನವರಿಯಿಂದ ಮೇವರೆಗೆ ಐದು ತಿಂಗಳು ಬಿಗಿಹಿಡಿದು ಕೂಡಿಟ್ಟರೂ 20,000 ಆಗುತ್ತದೆ, ಅದರಲ್ಲಿ ಯುಗಾದಿ ಮತ್ತು ವಿಮೆ ತಮ್ಮ ಪಾಲು ತೆಗೆದುಕೊಂಡಿರುತ್ತವೆ. ಹೀಗಾಗಿ ವರ್ಷದ ಒಟ್ಟು ಕೊರತೆ 18,000 ಇರುವ ಮನೆ ಜೂನ್‌ನಲ್ಲಿ 25,000 ಸಾಲ ಮಾಡಬೇಕಾಗುತ್ತದೆ. ಹೆಚ್ಚುವರಿ 7,000ದ ಸಾಲಕ್ಕೆ ಬಡತನ ಕಾರಣವಲ್ಲ, ಕ್ಯಾಲೆಂಡರ್ ಕಾರಣ. ಸರ್ಕಾರವಾಗಲಿ ಬ್ಯಾಂಕುಗಳಾಗಲಿ ಕುಟುಂಬದ ಹಣಕಾಸನ್ನು ಕುರಿತು ಮಾತನಾಡುವಾಗ ಈ ಎರಡು ಕೊರತೆಗಳನ್ನು ಬೇರ್ಪಡಿಸುವುದಿಲ್ಲ. ಒಂದಕ್ಕೆ ಹೆಚ್ಚು ಆದಾಯವೇ ಮದ್ದು. ಇನ್ನೊಂದನ್ನು ಹೊಂದಾಣಿಕೆಯಿಂದಲೇ ತಗ್ಗಿಸಬಹುದು.

ಹಳ್ಳಿಯಲ್ಲಿ ಈ ಕಾಲದ ಅಂತರ ಇನ್ನೂ ದೊಡ್ಡದು. ಮಳೆಯಾಶ್ರಿತ ರಾಗಿ ಬೆಳೆಯುವ ಮನೆಗೆ ಕೊಯ್ಲು ಮುಗಿದು, ಖರೀದಿ ಕೇಂದ್ರಕ್ಕೆ ಸಾಗಿಸಿ, ಖಾತೆಗೆ ಹಣ ಬೀಳುವ ಹೊತ್ತಿಗೆ ಹೊಸ ವರ್ಷದ ಎಷ್ಟೋ ತಿಂಗಳು ಕಳೆದಿರುತ್ತವೆ. ಬಿತ್ತನೆ ಮತ್ತು ಗೊಬ್ಬರದ ಖರ್ಚಾದರೋ ಶಾಲಾ ಶುಲ್ಕದ ಹೊತ್ತಿಗೇ ಎದುರಾಗುತ್ತದೆ. ಹಳೇ ಮೈಸೂರು ಭಾಗದಲ್ಲಿ ಒಂದೆರಡು ಹಸು ಕಟ್ಟಿಕೊಂಡ ಮನೆಗಳು ಬೆಳೆಯೊಂದನ್ನೇ ನಂಬಿದ ಮನೆಗಳಿಗಿಂತ ಸ್ಥಿರವಾಗಿ ನಡೆಯುವುದಕ್ಕೆ ಹಾಲಿನ ಲಾಭಕ್ಕಿಂತಲೂ ಹಾಲಿನ ಡೈರಿಯ ಬಟವಾಡೆಯ ಕ್ರಮವೇ ಮುಖ್ಯ ಕಾರಣ ಎಂದು ನನಗೆ ಅನ್ನಿಸುತ್ತದೆ. ವಾರಕ್ಕೋ ಹದಿನೈದು ದಿನಕ್ಕೋ ತಪ್ಪದೆ ಬರುವ ಹಣ ಅಂಗಡಿಯ ಉದ್ರಿಯನ್ನು ತೀರಿಸುತ್ತದೆ, ಬೆಳೆಯ ದುಡ್ಡು ದೊಡ್ಡ ಖರ್ಚಿಗೆ ಉಳಿಯುತ್ತದೆ.

ಬೆಲೆ ಇಳಿದರೂ ಕೈಯಲ್ಲಿ ಏಕೆ ಉಳಿಯಲಿಲ್ಲ

ತಿಂಗಳ ಉಳಿಕೆಯಾದ ಆ 4,000 ಕೂಡ ಗಟ್ಟಿಯಾದದ್ದಲ್ಲ. 2024ರ ಅಕ್ಟೋಬರ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 6.21 ಇತ್ತು, ಆಹಾರ ಪದಾರ್ಥಗಳದ್ದು ಶೇ 10.87, ತರಕಾರಿಯ ಬೆಲೆ ಹಿಂದಿನ ವರ್ಷಕ್ಕಿಂತ ಶೇ 42ರಷ್ಟು ಏರಿತ್ತು. ಸರಿಯಾಗಿ ಒಂದು ವರ್ಷದ ನಂತರ, 2025ರ ಅಕ್ಟೋಬರ್‌ನಲ್ಲಿ, ಹಣದುಬ್ಬರ ಶೇ 0.25ಕ್ಕೆ ಇಳಿಯಿತು, ಆಹಾರದ ಬೆಲೆಗಳು ಒಟ್ಟಾರೆ ಶೇ 5ರಷ್ಟು ಕುಸಿದವು. ಪತ್ರಿಕೆಗಳಲ್ಲಿ ಈ ಅಂಕಿ ಓದಿದ ಗೃಹಿಣಿಗೆ ಅದು ತನ್ನ ಮನೆಯ ಕಥೆ ಎಂದು ಅನ್ನಿಸಲಿಲ್ಲ, ಮತ್ತು ಅವಳ ಅನುಮಾನಕ್ಕೆ ಆಧಾರವಿದೆ.

ಈ ಹಣದುಬ್ಬರವನ್ನು ಅಳೆಯಲು ಬಳಸಿದ, 2012ನ್ನು ಆಧಾರ ವರ್ಷವಾಗಿ ಇಟ್ಟುಕೊಂಡಿದ್ದ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಶೇ 45.86 ಇತ್ತು. ಟೊಮೆಟೊ, ಈರುಳ್ಳಿ, ಬೇಳೆ ಅಗ್ಗವಾದರೆ ಸೂಚ್ಯಂಕವನ್ನು ಕೆಳಗೆ ಎಳೆಯಲು ಅಷ್ಟು ತೂಕ ಸಾಕು. ಆದರೆ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರದ ಕುಟುಂಬಗಳ ವೆಚ್ಚದಲ್ಲಿ ಆಹಾರದ ಪಾಲು ಸರಾಸರಿ ಶೇ 39.68 ಮಾತ್ರ, ಗ್ರಾಮೀಣ ಭಾಗದಲ್ಲಿ ಶೇ 47.04. ನಾವು ನೋಡಿದ ಕುಟುಂಬದ ತಿಂಗಳ ಖರ್ಚಿನಲ್ಲಿ ಅದು ಸುಮಾರು ಶೇ 36. ಉಳಿದ ಬಾಬತ್ತುಗಳಲ್ಲಿ ಕರ್ನಾಟಕ 2025ರಲ್ಲಿ ಸಾಲುಸಾಲು ಏರಿಕೆಗಳನ್ನು ಕಂಡಿತು. ಜನವರಿ 5ರಿಂದ ಸರ್ಕಾರಿ ಬಸ್ ದರ ಶೇ 15ರಷ್ಟು ಹೆಚ್ಚಿತು. ಫೆಬ್ರವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಸೇರಿತು. ಅದೇ ತಿಂಗಳು ಅಡುಗೆ ಅನಿಲದ ಸಿಲಿಂಡರ್ 50 ರೂಪಾಯಿ ತುಟ್ಟಿಯಾಯಿತು, ಬೆಂಗಳೂರಿನಲ್ಲಿ ನೀರಿನ ದರವೂ ಏರಿತು. ಆಗಸ್ಟ್‌ನಿಂದ ಆಟೊದ ಕನಿಷ್ಠ ದರ 30ರಿಂದ 36 ಆಯಿತು. ತರಕಾರಿ ಏರಿದಂತೆ ಇಳಿಯುತ್ತದೆ. ಬಾಡಿಗೆ, ಬಸ್ಸು, ಹಾಲು, ಶುಲ್ಕ ಒಮ್ಮೆ ಏರಿದರೆ ಹಿಂದಿರುಗುವುದಿಲ್ಲ. ದಿನಕ್ಕೆ ಒಂದು ಲೀಟರ್ ಹಾಲು ತರುವ ಮನೆಗೆ ಹಾಲೊಂದರಿಂದಲೇ ತಿಂಗಳಿಗೆ 120 ರೂಪಾಯಿ ಹೆಚ್ಚಾಯಿತು, ಅದು ಪ್ರತಿ ತಿಂಗಳೂ ಹೋಗುವ ಹಣ.

ಇಂತಹ ಒತ್ತಡ ಬಂದಾಗ ಮನೆಗಳು ಮೊದಲು ಕತ್ತರಿಸುವುದು ತಟ್ಟೆಯಲ್ಲಿರುವುದನ್ನೇ. ಬಾಡಿಗೆಯಲ್ಲಿ ಚೌಕಾಸಿ ನಡೆಯದು, ಸಾಲದ ಕಂತು ತಪ್ಪಿಸುವಂತಿಲ್ಲ. ಮೊಟ್ಟೆ, ಬೇಳೆ, ಹಣ್ಣು, ಹಾಲು ಮಾತ್ರ ಕೈಯಳತೆಯಲ್ಲಿ ಇರುತ್ತವೆ. ಹಾಲನ್ನು ಒಂದು ಲೀಟರಿನಿಂದ ಅರ್ಧಕ್ಕೆ ಇಳಿಸಿದರೆ ತಿಂಗಳಿಗೆ 700 ರೂಪಾಯಿ ಉಳಿಯುತ್ತದೆ, ನಿಜ. ಆದರೆ ಮುಂದೆ ಹೇಳಲಿರುವ ಹಾಗೆ, ಒಂದೇ ಒಂದು ಸಾಲವನ್ನು ಸರಿಯಾದ ಕಡೆ ಮಾಡಿದರೆ ಉಳಿಯುವ ಹಣ ಇದಕ್ಕಿಂತ ಹೆಚ್ಚು. ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಉಳಿತಾಯದ ಹೆಸರಿನಲ್ಲಿ ಮೊದಲ ಕತ್ತರಿ ಬೀಳಬೇಕಾದದ್ದು ಬಡ್ಡಿಯ ಮೇಲೆ, ಬೇಳೆಯ ಮೇಲೆ ಅಲ್ಲವೇ ಅಲ್ಲ.

ಇಪ್ಪತ್ತೈದು ಸಾವಿರದ ನಾಲ್ಕು ಬೆಲೆಗಳು

ಜೂನ್‌ನಲ್ಲಿ ಬೇಕಾದ 25,000ವನ್ನು ಈ ಕುಟುಂಬ ನಾಲ್ಕು ದಾರಿಗಳಲ್ಲಿ ಹೊಂದಿಸಬಹುದು.

ಮೊದಲನೆಯದು ಚಿನ್ನ. ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ ಒಡವೆ ಅಡವಿಟ್ಟು, ಅಕ್ಟೋಬರ್ ಮುಗಿಯುವಾಗ ಬೋನಸ್ ಮತ್ತು ನಡುವಿನ ಉಳಿಕೆ ಸೇರಿಸಿ ಬಿಡಿಸಿಕೊಂಡರೆ ಐದು ತಿಂಗಳಿಗೆ ಬಡ್ಡಿ 1,250 ರೂಪಾಯಿ. ಎರಡನೆಯದು ಫೈನಾನ್ಸ್ ಕಂಪನಿಯ ವೈಯಕ್ತಿಕ ಸಾಲ. ವರ್ಷಕ್ಕೆ ಶೇ 24ರ ಇಳಿಕೆ ಬಡ್ಡಿ (ಉಳಿದ ಅಸಲಿನ ಮೇಲೆ ಮಾತ್ರ ಲೆಕ್ಕ ಹಾಕುವ ಬಡ್ಡಿ), ಹನ್ನೆರಡು ಕಂತು ಎಂದಾದರೆ ತಿಂಗಳಿಗೆ ಸುಮಾರು 2,364 ಕಟ್ಟಬೇಕು, ಒಟ್ಟು ಬಡ್ಡಿ ಸುಮಾರು 3,370. ಪ್ರೊಸೆಸಿಂಗ್ ಶುಲ್ಕ ಮತ್ತು ವಿಮೆಯ ಹಣ ಬೇರೆ. ಮೂರನೆಯದು ಕೈಸಾಲ, ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ. ಇಲ್ಲಿ ಒಂದು ತಿಂಗಳ ಬಡ್ಡಿಯೇ 1,250. ಅಂದರೆ ಚಿನ್ನದ ಸಾಲಕ್ಕೆ ಐದು ತಿಂಗಳಿಗೆ ಕೊಡುವ ಬಡ್ಡಿಯನ್ನು ಇಲ್ಲಿ ತಿಂಗಳು ತಿಂಗಳೂ ಕೊಡಬೇಕು. ಅಸಲು ಹಾಗೆಯೇ ನಿಂತಿರುತ್ತದೆ. ನಾಲ್ಕನೆಯದು ದಿನದ ವಸೂಲಿಯ ಸಾಲ: 10,000 ಎಂದು ಬರೆಸಿಕೊಂಡು ಬಡ್ಡಿ ಮುರಿದು 9,000 ಕೈಗೆ ಕೊಟ್ಟು, ದಿನಕ್ಕೆ ನೂರರಂತೆ ನೂರು ದಿನ ವಸೂಲು ಮಾಡುವ ಪದ್ಧತಿ. ನೂರು ದಿನಕ್ಕೆ ಸಾವಿರ ರೂಪಾಯಿ ತಾನೇ ಎಂದು ತೋರುವ ಈ ಸಾಲದಲ್ಲಿ ಅಸಲು ದಿನದಿನವೂ ಇಳಿಯುತ್ತಿರುವುದರಿಂದ ನಿಜವಾದ ಬಡ್ಡಿ ವರ್ಷಕ್ಕೆ ಶೇ 75ನ್ನು ಮೀರುತ್ತದೆ.

ಬಡ್ಡಿಯ ಮೊತ್ತಕ್ಕಿಂತ ಗಂಭೀರವಾದದ್ದು ಕಂತಿನ ಪರಿಣಾಮ. ಫೈನಾನ್ಸ್ ಸಾಲದ 2,364 ಕಂತು ಶುರುವಾದ ಮೇಲೆ ಆ ಮನೆಯ 4,000ದ ಉಳಿಕೆಯಲ್ಲಿ 1,636 ಮಾತ್ರ ಮಿಗುತ್ತದೆ. ಹಬ್ಬ ಮತ್ತು ವಿಮೆಗೇ ಅದು ಸಾಲದು. ಮುಂದಿನ ಜೂನ್ ಬರುವಾಗ ಕೈಯಲ್ಲಿ ಏನೂ ಇರುವುದಿಲ್ಲ, ಆಗ ಬೇಕಾಗುವುದು 25,000 ಅಲ್ಲ, 42,000 ಪೂರ್ತಿ. ಮೂರನೇ ವರ್ಷಕ್ಕೆ ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಾಲ ಬೇಕಾಗುತ್ತದೆ. ಈ ನಡುವೆ ಮನೆಯಲ್ಲಿ ಯಾರೂ ಹೊಸದಾಗಿ ಒಂದು ಪೈಸೆ ಹೆಚ್ಚು ಖರ್ಚು ಮಾಡಿಲ್ಲ ಎಂಬುದನ್ನು ಗಮನಿಸಬೇಕು. ಸಾಲಗಾರರನ್ನು ಕಂಡಾಗ ಸಮಾಜ ಮೊದಲು ಅವರ ಶಿಸ್ತನ್ನು ಅನುಮಾನಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ಎಷ್ಟೋ ಕಡೆ ಅದು ಅನ್ಯಾಯದ ಅನುಮಾನ.

2025ರ ಆರಂಭದಲ್ಲಿ ಮೈಸೂರು, ಚಾಮರಾಜನಗರ ಮೊದಲಾದ ಜಿಲ್ಲೆಗಳಿಂದ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ವರದಿಗಳು ಬಂದಾಗ ನಾವು ನೋಡಿದ್ದು ಈ ಸುರುಳಿಯ ಕೊನೆಯ ಹಂತವನ್ನು. ರಾಜ್ಯ ಸರ್ಕಾರ ಆ ಫೆಬ್ರವರಿ 12ರಂದು ಕಿರುಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅದರಲ್ಲಿವೆ, ಮರುತಿಂಗಳು ಅದು ವಿಧಾನಮಂಡಲದ ಒಪ್ಪಿಗೆ ಪಡೆಯಿತು. ವಸೂಲಿಯ ದೌರ್ಜನ್ಯಕ್ಕೆ ಕಡಿವಾಣ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕುಟುಂಬಕ್ಕೆ ಎಷ್ಟು ಸಾಲ ಕೊಡಬಹುದು ಎಂಬ ಪ್ರಶ್ನೆ ಬೇರೆಯೇ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವಾರ್ಷಿಕ ಆದಾಯ 3 ಲಕ್ಷದವರೆಗಿನ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ, ಮತ್ತು ಆ ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ತಿಂಗಳಿಗೆ 25,000 ದುಡಿಯುವ ಮನೆ 12,500 ಕಂತು ಕಟ್ಟಬಲ್ಲದು ಎಂದು ಈ ಮಿತಿ ಒಪ್ಪಿಕೊಂಡಂತಾಯಿತು. ಅದಕ್ಕಿಂತ ಹೆಚ್ಚು ದುಡಿಯುವ ನಮ್ಮ ಉದಾಹರಣೆಯ ಮನೆಯಲ್ಲೇ ಎಲ್ಲ ಖರ್ಚು ಕಳೆದು ಉಳಿಯುವುದು 4,000. ಆದಾಯದ ಅರ್ಧ ಎಂಬ ಈ ಮಿತಿ ಸಾಲಗಾರರನ್ನು ಕಾಯುವುದಿಲ್ಲ, ಅವರ ಮುಳುಗಡೆಗೆ ಅನುಮತಿ ಕೊಡುತ್ತದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಅದೇ ನಿಯಮಗಳಲ್ಲಿ ಸಾಲಗಾರರ ಕೈಗೆ ಬಲ ಕೊಡುವ ಅಂಶಗಳೂ ಇವೆ, ಅವು ಕಿರುಸಾಲದ ಸಂಘಗಳ ಸಭೆಗಳಲ್ಲಿ ಗಟ್ಟಿಯಾಗಿ ಕೇಳಿಬರುವುದು ಕಡಿಮೆ. ಕಿರುಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ. ಕಂತು ತಡವಾದರೆ ತಡವಾದ ಮೊತ್ತದ ಮೇಲೆ ಮಾತ್ರ ಶುಲ್ಕ, ಪೂರ್ತಿ ಸಾಲದ ಮೇಲೆ ಅಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲ. ಸಾಲದ ಕಾರ್ಡ್ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು.

ಇನ್ನೊಂದು ಮೋಸದ ಜಾಗ ‘ಫ್ಲಾಟ್’ ಬಡ್ಡಿ. ಟಿವಿ, ಸ್ಕೂಟರ್ ಅಂಗಡಿಗಳಲ್ಲಿ “ಬರೀ ಹನ್ನೆರಡು ಪರ್ಸೆಂಟ್ ಸರ್” ಎನ್ನುವ ಸಾಲ ಫ್ಲಾಟ್ ಲೆಕ್ಕದ್ದಾದರೆ, ತೀರಿಸಿದ ಅಸಲಿನ ಮೇಲೂ ಕೊನೆಯವರೆಗೆ ಬಡ್ಡಿ ಕಟ್ಟುತ್ತಿರುತ್ತೇವೆ. ಒಂದು ವರ್ಷದ ಸಾಲದಲ್ಲಿ ಅದರ ನಿಜವಾದ ದರ ಶೇ 21ಕ್ಕೂ ಹೆಚ್ಚು. 2024ರ ಅಕ್ಟೋಬರ್ 1ರಿಂದ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಸಣ್ಣ ಸಾಲಗಳಿಗೂ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಪತ್ರ ಕೊಡಬೇಕು, ಅದರಲ್ಲಿ ಎಲ್ಲ ಶುಲ್ಕಗಳನ್ನೂ ಸೇರಿಸಿ ವಾರ್ಷಿಕ ದರವನ್ನು ಒಂದೇ ಸಂಖ್ಯೆಯಲ್ಲಿ ತೋರಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ಕಡ್ಡಾಯ. ಸಹಿ ಹಾಕುವ ಮುನ್ನ ಆ ಪತ್ರ ಕೇಳಿ, ‘ಎಪಿಆರ್’ ಎಂದು ಬರೆದಿರುವ ಸಂಖ್ಯೆಯನ್ನು ನೋಡಬೇಕು. ಕ್ರೆಡಿಟ್ ಕಾರ್ಡಿನಲ್ಲಂತೂ ಕನಿಷ್ಠ ಮೊತ್ತ ಮಾತ್ರ ಕಟ್ಟಿ ಉಳಿದದ್ದನ್ನು ಮುಂದೂಡುವುದು ತಿಂಗಳಿಗೆ ಶೇ 3.5ರ ಆಸುಪಾಸಿನ, ವರ್ಷಕ್ಕೆ ಶೇ 40 ದಾಟುವ ಸಾಲ.

ಚಿನ್ನ, ಚೀಟಿ, ಪಿಎಫ್

ಒಡವೆ ಅಡವಿಡುವುದನ್ನು ಮಾನ ಹೋದಂತೆ ಕಾಣುವ ಮನಸ್ಸು ನಮ್ಮಲ್ಲಿ ಇನ್ನೂ ಇದೆ. ಓಲೆ ಅಡವಿಡುವುದಕ್ಕೆ ನಾಚಿ ನೂರಕ್ಕೆ ಐದರ ಬಡ್ಡಿಗೆ ಕೈಯೊಡ್ಡುವ ಮನೆಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಮೊದಲ ಬಾರಿಗೆ ಒಂದು ಲಕ್ಷ ಮುಟ್ಟಿತು. ಆ ಲೆಕ್ಕದಲ್ಲೇ ನೋಡಿದರೂ 25,000 ಸಾಲಕ್ಕೆ ನಾಲ್ಕು ಗ್ರಾಂ ಆಸುಪಾಸಿನ ಒಡವೆ ಸಾಕು. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಪ್ರಕಟಿಸಿ, 2026ರ ಏಪ್ರಿಲ್ 1ರೊಳಗೆ ಜಾರಿಗೆ ತರಬೇಕೆಂದು ಹೇಳಿದ ನಿಯಮಗಳ ಪ್ರಕಾರ 2.5 ಲಕ್ಷದವರೆಗಿನ ಸಾಲಕ್ಕೆ ಒಡವೆಯ ಮೌಲ್ಯದ ಶೇ 85ರವರೆಗೆ ಕೊಡಬಹುದು. ಸಾಲ ತೀರಿದ ಮೇಲೆ ಏಳು ಕೆಲಸದ ದಿನಗಳಲ್ಲಿ ಒಡವೆ ಹಿಂದಿರುಗಿಸದಿದ್ದರೆ, ತಪ್ಪು ಸಾಲ ಕೊಟ್ಟವರದ್ದಾದಾಗ, ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಹರಾಜು ಮಾಡಿದರೆ ಬಾಕಿ ಕಳೆದು ಉಳಿದ ಹಣ ಸಾಲಗಾರರಿಗೆ ಸೇರಬೇಕು.

ಅಪಾಯ ಇರುವುದು ಈ ಸುಲಭದಲ್ಲೇ. ಚಿನ್ನದ ಬೆಲೆ ಏರಿದಷ್ಟೂ ಅದೇ ಒಡವೆಗೆ ಹೆಚ್ಚು ಸಾಲ ಸಿಗುತ್ತದೆ. 25,000 ಬೇಕಾಗಿ ಹೋದವರಿಗೆ ಕೌಂಟರಿನಲ್ಲಿ “ನಲವತ್ತು ಕೊಡ್ತೀವಿ ಅಕ್ಕ, ತಗೊಳ್ಳಿ” ಎಂಬ ಮಾತು ಕೇಳಿಸುತ್ತದೆ. ಆ ಹೆಚ್ಚುವರಿ ಹದಿನೈದು ಸಾವಿರ ಬೋನಸ್‌ನಿಂದ ತೀರುವುದಿಲ್ಲ, ಬಡ್ಡಿ ಮಾತ್ರ ಕಟ್ಟಿ ಒಡವೆಯನ್ನು ವರ್ಷದಿಂದ ವರ್ಷಕ್ಕೆ ಮುಂದೂಡುವ ಚಾಳಿ ಅಲ್ಲಿಂದ ಶುರುವಾಗುತ್ತದೆ. ಎಷ್ಟು ಬೇಕೋ ಅಷ್ಟನ್ನೇ, ತೀರಿಸುವ ಹಣ ಯಾವ ತಿಂಗಳು ಎಲ್ಲಿಂದ ಬರುತ್ತದೆ ಎಂದು ಹೇಳಬಲ್ಲೆವಾದರೆ ಮಾತ್ರ ಅಡವಿಡಬೇಕು.

ಚೀಟಿ ನಮ್ಮ ಹೆಣ್ಣುಮಕ್ಕಳ ಬಹಳ ಹಳೆಯ ಉಪಾಯ, ಮತ್ತು ಕಾಲದ ಅಂತರವನ್ನು ನೇರವಾಗಿ ಗುರಿಯಿಡುವ ಉಪಾಯವೂ ಹೌದು. ಮೇ ತಿಂಗಳಲ್ಲಿ ಚೀಟಿ ಎತ್ತಿದರೆ ಶುಲ್ಕ ಕಟ್ಟಬಹುದು. ಆದರೆ ಮೇ ತಿಂಗಳಲ್ಲಿ ಎಲ್ಲರಿಗೂ ಹಣ ಬೇಕು, ಕೂಗು ಜೋರಾಗಿರುತ್ತದೆ. ಐವತ್ತು ಸಾವಿರದ ಚೀಟಿಯನ್ನು ಮೊದಲ ಕೆಲವು ತಿಂಗಳಲ್ಲೇ ಹತ್ತು ಸಾವಿರ ಬಿಟ್ಟುಕೊಟ್ಟು ಎತ್ತಿದವರು ಆ ಹತ್ತು ಸಾವಿರವನ್ನು ಬಡ್ಡಿಯೆಂದೇ ಎಣಿಸಬೇಕು. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ನೋಂದಾಯಿತ ಚೀಟಿಯಲ್ಲಿ ನಡೆಸುವವರ ಕಮಿಷನ್ ಶೇ 7ನ್ನು ಮೀರುವಂತಿಲ್ಲ, ಒಪ್ಪಂದ ರಿಜಿಸ್ಟ್ರಾರ್ ಬಳಿ ದಾಖಲಾಗಿರುತ್ತದೆ. ರಾಜ್ಯ ಸರ್ಕಾರದ್ದೇ ಆದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಬೀದಿಯ ಚೀಟಿ ನಂಬಿಕೆಯ ಮೇಲೆ ನಡೆಯುತ್ತದೆ. ಆ ನಂಬಿಕೆಗೆ ಬೆಲೆ ಇದೆ, ಆದರೂ ಮಕ್ಕಳ ಶುಲ್ಕದ ಹಣವನ್ನು ರಸೀತಿಯಿಲ್ಲದ ಕಡೆ ಇಡಬಾರದು.

ಪಿಎಫ್‌ನ ವಿಷಯದಲ್ಲಿ ಬೆಂಗಳೂರಿನ ಇತಿಹಾಸವೇ ಒಂದು ಪಾಠ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಹೊರಡಿಸಿತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಹೆಣ್ಣುಮಕ್ಕಳು, ಬೆಂಗಳೂರಿನ ಹೆದ್ದಾರಿಗಳಿಗೆ ಇಳಿದರು. ದೊಡ್ಡ ಸಂಘಟನೆಗಳ ಕರೆಯಿಲ್ಲದೆ ಹುಟ್ಟಿದ ಆ ಪ್ರತಿಭಟನೆಗೆ ಮಣಿದು ಸರ್ಕಾರ 19ರಂದೇ ನಿಯಮವನ್ನು ಹಿಂತೆಗೆದುಕೊಂಡಿತು. ದೆಹಲಿಯ ಕಡತದಲ್ಲಿ ಪಿಎಫ್ ಎಂದರೆ ಮುಪ್ಪಿನ ಹಣ. ಆ ಹೆಣ್ಣುಮಕ್ಕಳಿಗೆ ಅದು ಮಗಳ ಮದುವೆ, ಮಗನ ಕಾಲೇಜು ಶುಲ್ಕ, ತೀರದ ಸಾಲಕ್ಕೆ ಉಳಿದಿದ್ದ ಒಂದೇ ಗಂಟು. ಬಡ್ಡಿ ಬರುವ, ಮಾಲೀಕರ ಪಾಲೂ ಸೇರುವ ಆ ಹಣವನ್ನು ನಡುವಯಸ್ಸಿನಲ್ಲೇ ಕರಗಿಸುವುದು ನಷ್ಟ ಎಂಬುದು ಅವರಿಗೆ ಗೊತ್ತಿರಲಿಲ್ಲ ಎಂದು ತಿಳಿಯುವುದು ತಪ್ಪು. ಬೇರೆ ದಾರಿ ಇರಲಿಲ್ಲ. ಪಿಎಫ್ ಬಿಡಿಸಿಕೊಳ್ಳಲೆಂದೇ ಐದು ವರ್ಷ ತುಂಬುವ ಮುನ್ನ ಕೆಲಸ ಬಿಟ್ಟವರು, ಐದು ವರ್ಷ ದುಡಿದು ಬಿಡುವವರಿಗೆ ಸಿಗುವ ಗ್ರಾಚ್ಯುಟಿ ಹಣವನ್ನೂ ಕಳೆದುಕೊಂಡರು. ಈಗ ಕೆಲಸದಲ್ಲಿದ್ದುಕೊಂಡೇ ಕಾಯಿಲೆ, ಮದುವೆ, ವಿದ್ಯಾಭ್ಯಾಸದಂತಹ ಕಾರಣಗಳಿಗೆ ಮುಂಗಡ ಪಡೆಯಲು ಅವಕಾಶವಿದೆ. ಕೆಲಸ ಬಿಡುವ ನಿರ್ಧಾರಕ್ಕೆ ಮೊದಲು ಅದನ್ನು ವಿಚಾರಿಸುವುದು ಒಳ್ಳೆಯದು.

ಮುಂದಿನ ಜೂನ್‌ಗೆ ಏನು ಮಾಡಬಹುದು

ಕೈಯಲ್ಲಿ ಇಲ್ಲದ ಹಣವನ್ನು ಉಳಿಸಿ ಎಂದು ಯಾರಿಗೂ ಹೇಳಲಾಗದು. 18,000ದ ಮೊತ್ತದ ಕೊರತೆ ಇರುವ ಮನೆಯಲ್ಲಿ ಜಾಣತನದಿಂದ ಅದು ಮಾಯವಾಗುವುದಿಲ್ಲ. ಆದರೆ ಕಾಲದ ಅಂತರವನ್ನು ಕಿರಿದು ಮಾಡಲು ಕೆಲವು ದಾರಿಗಳಿವೆ. ವರ್ಷದ ಖರ್ಚುಗಳನ್ನು ತಿಂಗಳ ಹೆಸರಿನ ಎದುರು ಬರೆದು ಗೋಡೆಯ ಕ್ಯಾಲೆಂಡರಿನ ಹಿಂದೆ ಅಂಟಿಸುವುದು ಮೊದಲ ಹೆಜ್ಜೆ. ಬರೆದ ಮೇಲೆ ಅವು ಆಕಸ್ಮಿಕಗಳಾಗಿ ಉಳಿಯುವುದಿಲ್ಲ. ಶಾಲೆಯವರೊಡನೆ ಮಾರ್ಚ್‌ನಲ್ಲೇ ಮಾತನಾಡಿ ಶುಲ್ಕವನ್ನು ಎರಡು ಮೂರು ಕಂತು ಮಾಡಿಸಿಕೊಳ್ಳುವುದು ಯಾವ ಸಾಲಕ್ಕಿಂತಲೂ ಅಗ್ಗ, ಕೇಳಿದರೆ ಎಷ್ಟೋ ಶಾಲೆಗಳು ಒಪ್ಪುತ್ತವೆ. ಶುಲ್ಕದ ಮೂರನೇ ಒಂದು ಭಾಗ ಅಕ್ಟೋಬರ್‌ಗೆ ಜಾರಿದರೂ ಜೂನ್‌ನ ಸಾಲ 25,000ದಿಂದ 13,000ಕ್ಕೆ ಇಳಿಯುತ್ತದೆ.

ಗೃಹಲಕ್ಷ್ಮಿಯ ಹಣವನ್ನು ದಿನದ ಖರ್ಚಿನೊಡನೆ ಬೆರೆಸದೆ ಅಂಚೆ ಕಚೇರಿಯ ಅಥವಾ ಬ್ಯಾಂಕಿನ ಆರ್‌ಡಿಗೆ (ತಿಂಗಳು ತಿಂಗಳೂ ಕಟ್ಟುವ ಠೇವಣಿಗೆ) ಹಾಕುವುದು ಇನ್ನೊಂದು ದಾರಿ. ಶುಲ್ಕಕ್ಕಾದರೆ ಅಂಚೆಯ ಐದು ವರ್ಷದ ಆರ್‌ಡಿಗಿಂತ ಮೇ ತಿಂಗಳಿಗೆ ಮುಗಿಯುವಂತೆ ಹೊಂದಿಸಿಕೊಂಡ ಬ್ಯಾಂಕಿನ ಅಲ್ಪಾವಧಿ ಆರ್‌ಡಿ ಸರಿಹೊಂದುತ್ತದೆ. ಆ ಹಣ ಕಂತು ತಪ್ಪಿ ಬರುವ ತಿಂಗಳುಗಳೂ ಇರುವುದರಿಂದ ಆರ್‌ಡಿಯನ್ನು 2,000ಕ್ಕಿಂತ ಕಡಿಮೆ ಮೊತ್ತಕ್ಕೆ, 1,500ಕ್ಕೆ ಇಟ್ಟುಕೊಂಡು ಉಳಿದ 500ನ್ನು ಖಾತೆಯಲ್ಲೇ ಬಿಟ್ಟರೆ ತಪ್ಪಿದ ಕಂತಿನ ದಂಡ ಬೀಳುವ ಸಾಧ್ಯತೆ ಕಡಿಮೆಯಾಗುತ್ತದೆ.

ಆಸ್ಪತ್ರೆಯ ಖರ್ಚನ್ನು ಸಾಲದ ಪಟ್ಟಿಯಿಂದ ಆದಷ್ಟು ಹೊರಗಿಡಬೇಕು. ತಿಂಗಳ ಕೂಲಿ 21,000ದವರೆಗೆ ಇರುವ ನೌಕರರಿಗೆ ಇಎಸ್‌ಐ ಎಂಬ ನೌಕರರ ವಿಮೆ ಅನ್ವಯವಾಗುತ್ತದೆ, ನೌಕರರ ಪಾಲು ಶೇ 0.75 ಮಾತ್ರ, ಇಡೀ ಕುಟುಂಬಕ್ಕೆ ಚಿಕಿತ್ಸೆ ಸಿಗುತ್ತದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಒಂದು ದಿನದ ಕೂಲಿ ಕಳೆದುಕೊಂಡು ಕಾಯಬೇಕೆಂಬ ಕಾರಣಕ್ಕೆ ಹತ್ತಿರದ ನರ್ಸಿಂಗ್ ಹೋಮಿಗೆ ಹೋಗುವವರ ಕಷ್ಟ ನಿಜವಾದದ್ದೇ. ಜ್ವರಕ್ಕೆ ಹಾಗೆ ಮಾಡಿದರೂ ಶಸ್ತ್ರಚಿಕಿತ್ಸೆ, ಹೆರಿಗೆಗಳಿಗೆ ಕಾರ್ಡನ್ನು ಬಳಸಲೇಬೇಕು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ, ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿಯಲ್ಲಿ 5 ಲಕ್ಷದವರೆಗೆ ರಕ್ಷಣೆ ಇದೆ. ಕಾರ್ಡು, ಹೆಸರಿನ ಕಾಗುಣಿತ, ಆಧಾರ್ ಜೋಡಣೆ ಇವೆಲ್ಲ ಸರಿಯಿವೆಯೇ ಎಂದು ಕಾಯಿಲೆ ಬರುವ ಮೊದಲೇ ನೋಡಿಕೊಳ್ಳುವುದು ಅರ್ಧ ದಿನದ ಕೆಲಸ.

ದಿನಸಿಯ ವಿಷಯ ಹೆಚ್ಚು ಹೇಳಬೇಕಿಲ್ಲ, ಅದರಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಪಾಠ ಹೇಳಬೇಕಾದ ಅಗತ್ಯವಿಲ್ಲ. ಉದ್ರಿ ಪುಸ್ತಕದ ಬಗ್ಗೆ ಮಾತ್ರ ಒಂದು ಮಾತು: ಬೀದಿ ಕೊನೆಯ ಅಂಗಡಿಯ ಉದ್ರಿಗೆ ಬಡ್ಡಿ ಇಲ್ಲ ಎಂದು ಕಂಡರೂ ಎಣ್ಣೆ, ಬೇಳೆಯ ದರದಲ್ಲಿ ಅದು ಸೇರಿರಬಹುದು, ಮತ್ತು ಉದ್ರಿ ಇರುವವರೆಗೆ ಬೇರೆ ಅಂಗಡಿಗೆ ಹೋಗುವ ಸ್ವಾತಂತ್ರ್ಯ ಇರುವುದಿಲ್ಲ. ಬೋನಸ್ ಬಂದ ತಿಂಗಳು ಆ ಪುಸ್ತಕವನ್ನು ಒಮ್ಮೆ ಚುಕ್ತಾ ಮಾಡಿದರೆ ಉಳಿದ ವರ್ಷ ದರ ಕೇಳಿ ಕೊಳ್ಳಬಹುದು.

ಮನೆಯ ಹೊರಗೆ ಆಗಬೇಕಾದ ಕೆಲಸವೂ ಇದೆ. ಗ್ಯಾರಂಟಿ ಯೋಜನೆಗಳ ಮೊತ್ತದ ಬಗ್ಗೆ ರಾಜ್ಯದಲ್ಲಿ ಬೇಕಾದಷ್ಟು ವಾದ ನಡೆದಿದೆ, ದಿನಾಂಕದ ಬಗ್ಗೆ ನಡೆದಿಲ್ಲ. ತಿಂಗಳಿಗೆ 2,000 ಯಾವ ದಿನ ಬರುತ್ತದೆಂದು ತಿಳಿಯದಿದ್ದರೆ ಅದನ್ನು ಪೂರ್ತಿಯಾಗಿ ನೆಚ್ಚಿ ಆರ್‌ಡಿ ಕಟ್ಟುವುದು ಕಷ್ಟ, ಕಂತು ಒಪ್ಪಿಕೊಳ್ಳುವುದೂ ಕಷ್ಟ. ಎಷ್ಟೋ ಮನೆಗಳಲ್ಲಿ ಬಂದ ದಿನ ಖರ್ಚಾಗುವ ಹಣವಾಗಿ ಅದು ಉಳಿಯುತ್ತದೆ. ಪ್ರತಿ ತಿಂಗಳು ಇಂಥದೇ ತಾರೀಖಿಗೆ ತಪ್ಪದೆ ಬರುವ ವ್ಯವಸ್ಥೆಯಾದರೆ, ಒಂದು ರೂಪಾಯಿಯನ್ನೂ ಹೆಚ್ಚಿಸದೆ, ಅದೇ ಹಣ ಜೂನ್‌ನ ಸಾಲವನ್ನು ತಗ್ಗಿಸುತ್ತದೆ. ಗಾರ್ಮೆಂಟ್ಸ್ ಮಾಲೀಕರು ಬೋನಸ್‌ನ ಅರ್ಧವನ್ನು ಮೇ ತಿಂಗಳಲ್ಲಿ ಮುಂಗಡವಾಗಿ ಕೊಡಲು ಮನಸ್ಸು ಮಾಡಿದರೆ ಅವರ ಒಟ್ಟು ವೆಚ್ಚ ಬದಲಾಗುವುದಿಲ್ಲ, ಲೈನಿನಲ್ಲಿ ಕೂತು ಹೊಲಿಯುವವರ ಮನೆಗೆ ಆರು ಸಾವಿರದಷ್ಟು ಸಾಲ ಕಡಿಮೆಯಾಗುತ್ತದೆ. ಕಾರ್ಮಿಕ ಸಂಘಟನೆಗಳು ಸಂಬಳದ ಬೇಡಿಕೆಯ ಜೊತೆಗೆ ಈ ದಿನಾಂಕದ ಬೇಡಿಕೆಯನ್ನೂ ಮುಂದಿನ ಮಾತುಕತೆಯ ಪಟ್ಟಿಯಲ್ಲಿ ಸೇರಿಸಬೇಕು, ಶಿಕ್ಷಣ ಇಲಾಖೆಯೂ ಖಾಸಗಿ ಶಾಲೆಗಳ ಶುಲ್ಕವನ್ನು ಕನಿಷ್ಠ ಮೂರು ಕಂತುಗಳಲ್ಲಿ ಪಡೆಯುವುದನ್ನು ಪ್ರವೇಶ ಶುರುವಾಗುವ ಮುನ್ನವೇ ಕಡ್ಡಾಯ ಮಾಡಬೇಕು.